ಚೆಕ್ಕುಬಂದಿ

ಪೂರ್ವಕ್ಕೆ: ಇಪ್ಪತ್ತೈದು ಅಡಿ ರಸ್ತೆ.
ಪಶ್ಚಿಮಕ್ಕೆ: ಹನುಮಂತರಾಯಪ್ಪನವರ ಬಾಬ್ತು.
ಉತ್ತರಕ್ಕೆ: ಸೈಟು ನಂಬರು ನಲವತ್ತೊಂದು.
ದಕ್ಷಿಣಕ್ಕೆ: ಇದೇ ಸ್ವತ್ತಿನ ಉಳಿದ ಭಾಗ.

ಹತ್ತೊಂಬತ್ತು ವರ್ಷ ಇದನ್ನೇ ಕುಟ್ಟಿದ್ದೇನೆ,
ಲಗ್ಗೆರೆಯಲ್ಲಿ, ಸಬ್ ರಿಜಿಸ್ಟ್ರಾರ್ ಆಫೀಸಿನೆದುರು,
ಪುಟ್ಟಸ್ವಾಮಯ್ಯನವರ ತಗಡಿನ ಶೆಡ್ಡಿನೊಳಗೆ,
ಪುಟಕ್ಕೆ ನಲವತ್ತರಂತೆ.
ಯಾರಯಾರದೋ ನಾಲ್ಕು ದಿಕ್ಕು ನನ್ನ ಬೆರಳ ತುದಿಯಲ್ಲಿ.
ಸುಂಕದಕಟ್ಟೆಯ ನನ್ನ ಬಾಡಿಗೆ ಮನೆಗೆ
ಮೂರು ಕಡೆ ಪಕ್ಕದವರ ಗೋಡೆ,
ನಾಲ್ಕನೆಯ ಕಡೆ ಓನರ್ರ ನೀರಿನ ಟ್ಯಾಂಕು.

ಭಾನುವಾರ ಹೋಗಿದ್ದೆ. ಫ್ರೀ ಎಂದಿದ್ದರು.
ಯಶವಂತಪುರದ ಹೋಟೆಲಿನ ಎರಡನೇ ಮಹಡಿ,
ಕುರ್ಚಿಗಳಿಗೆ ಮದುವೆಮನೆಯ ಹಾಗೆ ಬಿಳಿ ಬಟ್ಟೆ.
ವರುಣೇಶ್ ಸರ್ ಬಂದರು, ಕಿವಿಯಿಂದ ಕೆನ್ನೆಗಿಳಿದ ಮೈಕು.
‘ಬಾಡಿಗೆ ಕಟ್ಟೋರು ಯಾರ್ಯಾರು, ಕೈ ಎತ್ತಿ.’
ಎತ್ತಿದೆವು, ಲೆಕ್ಕ ಮಾಡಿಕೊಂಡು ಬರದ ಮಕ್ಕಳ ಹಾಗೆ.
‘ನೀವು ಇನ್ನೊಬ್ಬರ ಸಾಲ ತೀರಿಸ್ತಿದ್ದೀರಿ’ ಎಂದರು.
ಪಕ್ಕದಲ್ಲಿದ್ದವನು, ಪೀಣ್ಯದಲ್ಲಿ ಲೇತ್ ನಡೆಸುವವನು,
ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ.

ಫೀಸು ಒಂದು ಲಕ್ಷ ಎಂಬತ್ತು ಸಾವಿರ.
ಇವತ್ತೇ ಕಟ್ಟಿದರೆ ಒಂದು ಇಪ್ಪತ್ತು. ಜಿಎಸ್‌ಟಿ ಬೇರೆ.
ಆರು ತಿಂಗಳು ಕೈಹಿಡಿದು ನಡೆಸುತ್ತಾರಂತೆ.

ಪರದೆಯ ಮೇಲೊಂದು ಪತ್ರ ತೋರಿಸಿದರು.
‘ಇಸಿ ಕ್ಲೀನು. ಇನ್ನೇನು ಬೇಕು?’
ನನ್ನ ಕಣ್ಣು ಅಭ್ಯಾಸಬಲಕ್ಕೆ ಕೆಳಗಿಳಿಯಿತು.
ದಕ್ಷಿಣಕ್ಕೆ: ಖರಾಬು.
ಖರಾಬು ಹಳ್ಳವಿದ್ದೀತು, ಹಳ್ಳ ರಾಜಕಾಲುವೆ ಇದ್ದೀತು,
ರಾಜಕಾಲುವೆಯಾದರೆ
ಒಂದು ಬೆಳಿಗ್ಗೆ ಬಾಗಿಲಿಗೆ ಜೆಸಿಬಿ.
ಈ ಸಲ ಕೈ ಎತ್ತಲಿಲ್ಲ.
ಸಮೋಸ ಬಂತು.

ಅವರು ಸುಳ್ಳುಗಾರರು ಅಂತ ಅನ್ನಿಸಲೇ ಇಲ್ಲ ನನಗೆ.
ದಕ್ಷಿಣ ನೋಡಿರಲಿಲ್ಲ, ಅಷ್ಟೆ.
ನಾನು ನೋಡುತ್ತೇನೆ. ನೋಡಿ, ಕುಟ್ಟಿ, ಪ್ರಿಂಟು ತೆಗೆದು,
ಐದೂವರೆಯ ಬಸ್ಸು ಹಿಡಿಯುತ್ತೇನೆ.
ಕೆಲಸಕ್ಕೆ ಸೇರಿದ ವರ್ಷ ಅಂದ್ರಹಳ್ಳಿಯದೊಂದು ಇಪ್ಪತ್ತು ಮೂವತ್ತು
ಎರಡೂಕಾಲು ಲಕ್ಷಕ್ಕೆ ನನ್ನ ಕೈಮೇಲೆಯೇ ಹೋಯಿತು.
ಬಳೆ, ಸರ ಅಡವಿಟ್ಟಿದ್ದರೆ ಆಗುತ್ತಿತ್ತು.
ಎಲ್ಲ ಪತ್ರ ಸರಿಯಿದೆಯೆಂದು ನನಗೆ ಗೊತ್ತಿತ್ತು,
ಕೊಂಡವನಿಗೆ ಗೊತ್ತಿರಲಿಲ್ಲ.
ಕೊಂಡ.

ಹಾಗಾದರೆ ಈ ಒಂದು ಇಪ್ಪತ್ತು ಯಾತಕ್ಕೆ?
‘ಪಂಕಜಾಕ್ಷಿ, ಸರಿಯಿದೆ, ಸಹಿ ಹಾಕು’ ಅಂತ
ಯಾರಾದರೂ ಬೆನ್ನ ಹಿಂದೆ ನಿಂತು ಹೇಳಲಿ ಅಂತಲೇ?
ಇರಬಹುದು. ಅದಕ್ಕೂ ಒಂದು ರೇಟು ಇರಬಹುದು.
ಬೀದಿಬೀದಿಗೂ ಮಾರ್ಗಸೂಚಿ ದರ ಕಟ್ಟಿದ ಸರ್ಕಾರ
ಮಾರ್ಗ ಸೂಚಿಸುವವರಿಗೆ ಕಟ್ಟಿಲ್ಲ.

ಜೆರಾಕ್ಸ್ ಅಂಗಡಿಯ ಝಬೀನಾ ಅಂದಳು:
‘ಆ ದುಡ್ಡಿಗೆ ಒಂದು ಹೊಸ ಮೆಷಿನ್ನೇ ಬರುತ್ತಲ್ಲೇ.’
ಮಗಳು ತಟ್ಟೆಯಿಂದ ತಲೆ ಎತ್ತದೆ:
‘ಅಷ್ಟು ಗೊತ್ತಿರೋರು ಭಾನುವಾರ ಯಾಕಮ್ಮ ಕೆಲಸ ಮಾಡ್ತಾರೆ?’
ಪುಟ್ಟಸ್ವಾಮಯ್ಯನವರನ್ನು ಕೇಳಲಿಲ್ಲ.
ಕನ್ನಡಕ ಒರೆಸುತ್ತ ನಗುತ್ತಾರೆ. ಆ ನಗು ಬೇಡ ನನಗೆ.

ಸೋಮವಾರ. ಕಾವೇರಿ ಬತ್ತಿದೆ,
ಅಂದರೆ ಸರ್ವರ್ ಡೌನು.
ಮಾರುವವರೂ ಕೊಳ್ಳುವವರೂ ಒಂದೇ ಬೆಂಚಿನಲ್ಲಿ
ಒಬ್ಬರ ಮುಖ ಒಬ್ಬರು ನೋಡದೆ ಟೀ ಕುಡಿಯುತ್ತಿದ್ದಾರೆ.
ಹನ್ನೊಂದಕ್ಕೆ ಫೋನು:
‘ನಿಮಗೋಸ್ಕರ ಸರ್ ಇನ್ನೊಂದಿನ ಕೊಟ್ಟಿದಾರೆ ಮೇಡಂ.’
ನೋಡ್ತೀನಿ ಅಂದೆ. ನೋಡುತ್ತಲೂ ಇದ್ದೆ,
ಎದುರಿಗೆ ನಿಂತ ಹುಡುಗಿಯನ್ನು:
ನರ್ಸಮ್ಮನ ಬಿಳಿ ಚಪ್ಪಲಿ, ಎದೆಗವಚಿದ ಫೈಲು,
ರಾತ್ರಿ ಪಾಳಿ ಮುಗಿಸಿ ನೇರ ಬಂದ ಕಣ್ಣು.
‘ಅಕ್ಕಾ, ಇದನ್ನ ತಗೋಬಹುದಾ?’

ಅದು ನನ್ನ ಕೆಲಸವಲ್ಲ.
ನನ್ನದು ಪುಟಕ್ಕೆ ನಲವತ್ತು.

ಫೈಲು ನನ್ನ ಕಡೆಗೆ ತಿರುಗಿಸಿಕೊಂಡೆ.
‘ಮದರ್ ಡೀಡ್ ಎಲ್ಲಮ್ಮ? ಕೂತ್ಕೋ, ಟೀ ಕುಡಿ.
ಇವರ ಅಣ್ಣತಮ್ಮಂದಿರು ಎಷ್ಟು ಜನ, ಕೇಳಿದ್ದೀಯಾ?’
ಪೂರ್ವ. ಪಶ್ಚಿಮ. ಉತ್ತರಕ್ಕೆ ಬೆರಳಿಟ್ಟು ನಿಂತೆ.

‘ಬಂತು, ಸರ್ವರ್ ಬಂತು’ ಅಂತ ಯಾರೋ ಕೂಗಿದರು.
ಬೆಂಚು ಖಾಲಿಯಾಯಿತು.
ನಾವಿಬ್ಬರು ಇನ್ನೂ
ದಕ್ಷಿಣಕ್ಕೆ ಬಂದಿರಲಿಲ್ಲ.