ಆರನೆಯ ರಾತ್ರಿ

ವಿನೋಬನಗರದ ಹೆಲೆನ್ ಸಿಸ್ಟರ್ ಮನೆಯ ಟೆರೇಸಿನ ಮೇಲೆ
ಸಂಡಿಗೆ ಒಣಹಾಕಿದ ಹಳೇ ಪಂಚೆಯ ಇನ್ನೊಂದು ಮೂಲೆಗೆ
ಹಡಗಿನ ಕಾಗದಗಳನ್ನು ಹರವಿ, ಗಾಳಿಗೆ ನಾಲ್ಕು ಕಲ್ಲಿಟ್ಟು
ಕೂತಿದ್ದೇವೆ, ಮೆಗ್ಗಾನ್ ಆಸ್ಪತ್ರೆಯಿಂದ ನಿವೃತ್ತರಾದ ಇಬ್ಬರು,
ಒಂದು ಪೆನ್ಸಿಲ್ಲು, ಎರಡು ಕನ್ನಡಕ.

ಹದಿನೆಂಟು ವರ್ಷ ಚೀಟಿ ಕಟ್ಟಿದ ದುಡ್ಡು.
ನನಗೆ ಕಾಶಿ ಅಂದರು, ಹೆಲೆನ್‌ಗೆ ವೇಲಾಂಕಣಿ ಅಂದರು.
ಚೆನ್ನೈಯಲ್ಲಿ ಗಾಜಿನಾಚೆ ಕೂತ ವೀಸಾದ ಹುಡುಗ ಕೇಳಿದ:
ಆ ಕಡೆ ನಿಮಗೆ ಯಾರಿದ್ದಾರೆ?
ಯಾರೂ ಇಲ್ಲ, ಅದಕ್ಕೇ ಹೋಗ್ತಿರೋದು, ಅಂದೆ.
ನಕ್ಕು ಪಾಸ್‌ಪೋರ್ಟು ಒಳಗಿಟ್ಟುಕೊಂಡ.

ಊಟಕ್ಕೆ ಎರಡು ಪಾಳಿ: ಐದೂವರೆಗೊಂದು, ಎಂಟೂಕಾಲಿಗೊಂದು.
ಒಮ್ಮೆ ಬರೆದುಕೊಟ್ಟರೆ ಏಳು ರಾತ್ರಿಯೂ
ಅದೇ ಮೇಜು, ಅದೇ ಅಪರಿಚಿತರು.
ಪಾಳಿ ನಮಗೇನು ಹೊಸದೇ?
ಮೂವತ್ತಮೂರು ವರ್ಷ ರಾತ್ರಿ ಹನ್ನೊಂದಕ್ಕೆ
ಡ್ರೆಸಿಂಗ್ ರೂಮಿನ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿ
ತುತ್ತಿಗೊಂದು ಬೆಲ್ಲು.
ಎಂಟೂಕಾಲು ಅಂತ ಬರಿ, ಅಂದೆ.
ನಡುವೆ ಎದ್ದು ಓಡಬೇಕಿಲ್ಲದ ಊಟ
ಎಷ್ಟು ಹೊತ್ತು ಹಿಡಿಯುತ್ತೆ, ನೋಡೇ ಬಿಡೋಣ.
ನನ್ನ ಹೆಸರಿನ ಮುಂದೆ: ಮಾಂಸ ಬೇಡ, ಮೊಟ್ಟೆ ಪರವಾಗಿಲ್ಲ.
ಅವಳ ಹೆಸರಿನ ಮುಂದೆ: ಎಲ್ಲಾ.
ಚಟ್ನಿಪುಡಿ ಯಾವ ಪಟ್ಟಿಯಲ್ಲೂ ಇಲ್ಲ;
ಅದು ಬೂಟಿನೊಳಗೆ ಹೋಗುತ್ತೆ.

ಬಂದರುಗಳು ಕಾಗದದ ಹಿಂಬದಿಗೆ.
ಕೊಸುಮೆಲ್, ಜಾರ್ಜ್‌ಟೌನ್, ಫಾಲ್‌ಮತ್,
ಹೆಲೆನ್ ಮಾತ್ರೆಯ ಹೆಸರು ಓದಿದಂತೆ ಓದಿದಳು,
ಬೆಳಿಗ್ಗೆ ಒಂದು, ಊಟ ಆದಮೇಲೆ ಒಂದು.
ಎಂಟಕ್ಕೆ ಇಳಿದರೆ ನಾಲ್ಕೂವರೆಗೆ ಹತ್ತಿರಬೇಕು.
ಕೈಗಡಿಯಾರ ಹಡಗಿನ ಹೊತ್ತಿಗೇ ಇರಲಿ, ದಡದ ಹೊತ್ತಿಗೆ ತಿರುಗಿಸಬೇಡಿ,
ಹಡಗು ಕಾಯುವುದಿಲ್ಲ. ಇಷ್ಟು ದಪ್ಪ ಅಕ್ಷರ.
ತೀರ್ಥಹಳ್ಳಿ ಬಸ್ಸಾದರೆ ಕಿಟಕಿಯಿಂದ ಕರ್ಚೀಫು ಹಾಕಿ
ಒಂದೇ ನಿಮಿಷ ಅಣ್ಣಾ, ಅನ್ನಬಹುದು.
ತುಂಗೆಯ ಹಳೇ ಸೇತುವೆಯಿಂದ ಬಗ್ಗಿ ನೋಡಿದರೇ
ತಲೆ ತಿರುಗುವ ಇವಳಿಗೆ
ಎರಡು ದಿನ ಬರೀ ಸಮುದ್ರ, ಬೇರೆ ಏನೂ ಬರೆದಿಲ್ಲ.
ವಾಂತಿ ಮಾತ್ರೆ: ಎರಡು ಸ್ಟ್ರಿಪ್ಪು. ಅಲ್ಲ, ಮೂರು.

ಇನ್ನು ಉಡುಪು.
ಎರಡನೆಯ ರಾತ್ರಿ ಫಾರ್ಮಲ್ಲಂತೆ:
ನನ್ನ ನೇರಳೆ ಇಳಕಲ್ಲು, ಅವಳ ಹಸಿರು ಮೈಸೂರು ಸಿಲ್ಕು.
ನಾಲ್ಕನೆಯದಕ್ಕೆ ಹೂವಿನ ಬಟ್ಟೆ.
ಅದಕ್ಕೇನು ಬರ! ರಿಟೈರಾದ ಮರುದಿನವೇ ನೆಹರೂ ರೋಡಿಗೆ ಹೋಗಿ
ಕೇಸರಿ, ಗಿಳಿಹಸಿರು, ಕಣ್ಣಿಗೆ ಹೊಡೆಯುವ ಗುಲಾಬಿ
ಒಂದೇ ಸಲ ಹೊತ್ತು ತಂದವಳು ನಾನು.
ಬಿಳಿ ಬೆಡ್‌ಶೀಟು ಕೂಡ ನನ್ನ ಮನೆಯಲ್ಲಿಲ್ಲ.

ಆರನೆಯ ರಾತ್ರಿ: ಮೇಲಿನ ಡೆಕ್ಕು, ಎಲ್ಲರೂ ಬಿಳಿ.

ಸಂಡಿಗೆಗೆ ಕಾಗೆ ಬಂತು. ಇಬ್ಬರೂ ಓಡಿಸಲಿಲ್ಲ.
ಆಮೇಲೆ ಹೆಲೆನ್ ನಗಲು ಶುರುಮಾಡಿದಳು,
ಹೆರಿಗೆ ವಾರ್ಡಿನ ಆ ತುದಿಗೂ ಕೇಳುತ್ತಿದ್ದ ಅದೇ ನಗು:
ಮೂರು ಸಾವಿರ ಜನ ಕಣೇ, ಅಷ್ಟೂ ಸಿಸ್ಟರುಗಳು!
ಯಾರಾದರೂ ದೊಪ್ಪಂತ ಬಿದ್ದರೆ
ಯಾರನ್ನ ಅಂತ ಕೂಗ್ತಾರೆ?

ಆ ರಾತ್ರಿ ಮೇಲಕ್ಕೆ ಹೋಗೋದೇ ಬೇಡ,
ಕ್ಯಾಬಿನ್ನಿನಲ್ಲಿ ಮಲಗೋಣ ಅಂದವಳು ನಾನೇ.
ಸಂಜೆ ಗಾಂಧಿಬಜಾರಿನ ಓಣಿಯಲ್ಲಿ, ಮುನೀರನ ಅಂಗಡಿಯ ಮೆಟ್ಟಿಲ ಮೇಲೆ
ಎರಡೂವರೆ ಮೀಟರು ಬಿಳಿ ಹಿಡಿದು ನಿಂತವಳೂ ನಾನೇ.
ಇಪ್ಪತ್ತು ವರ್ಷ ನನ್ನ ಕೋಟು ಹೊಲಿದವನು;
ಅವನ ಎರಡು ಮಕ್ಕಳನ್ನೂ ಮೊದಲು ಎತ್ತಿದ್ದು ಈ ಕೈ.
ಕೊರಳಿಂದ ಟೇಪು ತೆಗೆಯಲೇ ಇಲ್ಲ, ಅಳತೆ ಪುಸ್ತಕದಲ್ಲಿದೆ ಅಂದ.
ಸೊಂಟ ಮಾತ್ರ ಹೊಸದಾಗಿ ನೋಡಪ್ಪ ಅಂದೆ.
ಎಲ್ಲಾ ಬರೆದುಕೊಂಡು, ಸೀಮೆಸುಣ್ಣ ಎತ್ತಿ ಕೇಳಿದ:
ಜೇಬು ಇಡೋದಾ ಸಿಸ್ಟರ್, ಬೇಡ್ವಾ?

ಪಾರ್ಟಿಗೆ ಕತ್ತರಿ ಯಾಕೆ, ಥರ್ಮಾಮೀಟರ್ ಯಾಕೆ.
ಇಡು ಅಂದೆ, ಬಲಗಡೆಗೆ,
ಸ್ವಲ್ಪ ಆಳಕ್ಕೇ.