ಮೊಣಕಾಲೆತ್ತರದ ಗಾಳಿ

ಗೋಮಾ ಊರಿನ ಪಡುವಣಕ್ಕೆ, ಕಿವು ಸರೋವರದ ದಂಡೆಯಲ್ಲಿ
ಲಾವಾ ಹರಿದು ಹೆಪ್ಪುಗಟ್ಟಿದ ಕರಿನೆಲ. ಅದರ ನಡುವೆ ಒಂದು ತಗ್ಗು.
ಅಂಚಿನಲ್ಲಿ ಬಾಳೆ ಚೆನ್ನಾಗಿಯೇ ಬೆಳೆದಿದೆ.
ಒಳಗೆ ಸತ್ತ ಹಕ್ಕಿ, ಸತ್ತ ಹಲ್ಲಿ,
ಹಕ್ಕಿ ತಿನ್ನಲು ಇಳಿದು ಅಲ್ಲೇ ಮಲಗಿದ ನಾಯಿ.
ಮೈಮೇಲೆ ಒಂದು ಗೀರಿಲ್ಲ.

ಮಜೂಕು, ಅನ್ನುತ್ತಾಳೆ ಕವೀರಾ ಅಜ್ಜಿ. ಕೆಟ್ಟ ಗಾಳಿ.
ಯಾವ ಕಾಲದಲ್ಲೋ ದಾರಿಯಲ್ಲಿ ಸತ್ತು
ಹಿಡಿಮಣ್ಣೂ ಕಾಣದವರ ಉಸಿರಂತೆ.
ಹಗಲು ಮಲಗಿರುತ್ತದೆ,
ಎಲೆಯಲುಗದ ನಸುಕಿನಲ್ಲಿ ಎದ್ದು ಕೂರುತ್ತದೆ.
ನಿಲ್ಲಲು ಬಾರದು, ಕಾಲಿಲ್ಲ.
ಅದಕ್ಕೇ ದೊಡ್ಡವರ ಗೊಡವೆಗೆ ಹೋಗದು.
ಆಡು, ಕೋಳಿ, ಕೂಸು,
ಗಿಡ್ಡವರೆಂದರೆ ಅದಕ್ಕೆ ಪ್ರಾಣ.

ನಾನು ಮಸೀಕಾ. ಜ್ವಾಲಾಮುಖಿ ನೋಡಿಕೊಳ್ಳುವ ಕಚೇರಿಯಲ್ಲಿ
ದಿನಗೂಲಿ. ಕೈಯಲ್ಲಿ ಅಳತೆಯ ಪೆಟ್ಟಿಗೆ,
ಬ್ಯಾಟರಿ ಕೈಕೊಟ್ಟರೆ ಇರಲಿ ಅಂತ ಜೇಬಿನಲ್ಲಿ ಮೇಣದಬತ್ತಿ.

ಇವತ್ತು ಅಜ್ಜಿಯನ್ನೂ ಕರೆತಂದೆ.
ಬತ್ತಿ ಹಚ್ಚಿ, ಟೊಮೆಟೊ ಡಬ್ಬಿಯಲ್ಲಿ ನಿಲ್ಲಿಸಿ,
ಅಂಚಿನಿಂದ ಹಗ್ಗದಲ್ಲಿ ಇಳಿಬಿಟ್ಟೆ.
ಸೊಂಟದ ಮಟ್ಟ. ಉರಿಯಿತು.
ತೊಡೆಯ ಮಟ್ಟ. ಉರಿಯಿತು, ಸ್ವಲ್ಪ ಬಾಗಿತು,
ಯಾರೋ ಕರೆದದ್ದು ಕೇಳಿಸಿದ ಹಾಗೆ.
ಮೊಣಕಾಲು.
ಯಾರೂ ಊದಲಿಲ್ಲ. ಆರಿತು.
ಹೊಗೆ ಮೇಲೇಳದೆ ಚಪ್ಪಟೆಯಾಗಿ
ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹಾಸಿಕೊಂಡು
ಇಲ್ಲಿಂದ ಕೆಳಗೆ, ಅಂತ ಗೆರೆ ಎಳೆಯಿತು.

ನೋಡಜ್ಜಿ, ಅಂದೆ. ಬೆಟ್ಟದ ಹೊಟ್ಟೆಯಿಂದ
ಬಿರುಕು ಹಿಡಿದು ಬರುವ ಇಂಗಾಲದ ಡೈಆಕ್ಸೈಡು.
ನಿನ್ನ ಉಸಿರಿನಲ್ಲೂ ಇದೆ,
ನೀನು ಮಾಡುವ ಬಾಳೆಹಣ್ಣಿನ ಕಳ್ಳಿನ ನೊರೆಯಲ್ಲೂ ಇದೆ.
ಬಣ್ಣವಿಲ್ಲ, ವಾಸನೆಯಿಲ್ಲ, ತೂಕ ಮಾತ್ರ ಇದೆ.
ತೂಕದ್ದು ತಗ್ಗು ಹುಡುಕುತ್ತದೆ, ನೀರಿನಂತೆ.
ಬಿಸಿಲೇರಿ ಗಾಳಿ ಬೀಸಿದರೆ ಚದುರುತ್ತದೆ.
ಅದಕ್ಕೆ ಹಸಿವಿಲ್ಲ, ಹಗೆಯಿಲ್ಲ,
ನಮ್ಮ ಯಾರ ಹೆಸರೂ ಗೊತ್ತಿಲ್ಲ.

ಅಜ್ಜಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.
ನಾನು ಕಾಲಿಲ್ಲ ಅಂದೆ, ನೀನು ತೂಕ ಅಂದೆ.
ಏಳಲಾರದು ಅನ್ನುವುದರಲ್ಲಿ ಜಗಳವಿಲ್ಲವಲ್ಲ.

ಇಲ್ಲ. ಜಗಳ ಬೇರೆ.

ನನಗೆ ಒಂಬತ್ತು, ಮುಹಿಂಡೋಗೆ ಐದು.
ಒಂದೇ ಬೆಳಗ್ಗೆ, ಒಂದೇ ತಗ್ಗಿನಲ್ಲಿ ಇಬ್ಬರೂ.
ಅವನ ಆಟದ ಚುಕುಡುವಿನ ಮರದ ಗಾಲಿ
ಕಳಚಿ ಉರುಳಿತು. ಅವನು ಬಗ್ಗಿದ.
ನಾನು ನಿಂತೇ ಇದ್ದೆ. ಬೇಗ ಬಾರೋ, ಅನ್ನುತ್ತಿದ್ದೆ.

ತಮ್ಮನನ್ನು ತಿಂದು ಅಕ್ಕನನ್ನು ಬಿಟ್ಟಿತೆಂದರೆ
ಅಕ್ಕನ ಮೈಯಲ್ಲೇ ಇರಬೇಕು ಅದು, ಅಂದಿತು ಊರು.
ನಾಲ್ಕು ವರ್ಷ ಯಾರೂ ತಮ್ಮ ಕೂಸನ್ನು
ನನ್ನ ಸೊಂಟಕ್ಕೆ ಕೊಡಲಿಲ್ಲ.
ಅಜ್ಜಿಯೂ.

ಇವತ್ತಿನ ಅಳತೆ ನಲವತ್ತಾರು ಸೆಂಟಿಮೀಟರು.
ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.
ಆವತ್ತಿನದನ್ನು ಯಾರೂ ಬರೆದಿಟ್ಟಿಲ್ಲ.

ಹಗ್ಗ ಕೊಡು, ಅಂದಳು ಅಜ್ಜಿ.
ತಾನೇ ಹಚ್ಚಿ ತಾನೇ ಇಳಿಬಿಟ್ಟಳು. ಆರಿತು.
ಇನ್ನೊಂದು ಸಲ. ಆರಿತು.
ಏಳು ಕಡ್ಡಿ ಮುಗಿದವು.
ಎಂಟನೆಯದನ್ನು ಗೀರದೆ ಬೆರಳಲ್ಲೇ ಹಿಡಿದು
ಕೇಳಿದಳು, ತಗ್ಗಿನ ಕಡೆಗೇ ನೋಡುತ್ತ:
ಆಗ ನೀನು ಎಷ್ಟೆತ್ತರ ಇದ್ದೆ, ಮಸೀಕಾ?

ಎದೆಯ ಹತ್ತಿರ ಕೈ ಚಾಚಿ
ತೋರಿಸಿದೆ.