ಅರವತ್ತೊಂದು ಗೆರೆ

ಏಪ್ರಿಲ್ ಮುಗಿಯುತ್ತ ಬಂದರೂ ನ್ಯೂಫೌಂಡ್‌ಲ್ಯಾಂಡಿನ ಈ ತುದಿಗೆ
ಮಂಜುಗಡ್ಡೆ ಕೊಲ್ಲಿ ಬಿಟ್ಟುಕೊಡುವುದಿಲ್ಲ.
ಲಾಬ್‌ಸ್ಟರ್ ಗೂಡು ಇಳಿಸಲು ಇನ್ನೂ ವಾರವಿದೆ.
ಕೆಲಸವಿಲ್ಲದವನು ಚೂರಿ ಮಸೆಯುತ್ತಾನೆ, ಅಂದಳು ಅಕ್ಕ ಎಫಿ.
ಸರಿ. ನಾಲ್ಕು ಮಡಚುಚೂರಿ, ಯಾವುದೂ ನಲವತ್ತು ಡಾಲರ್ ದಾಟದ್ದು,
ದೋಣಿಮನೆಯ ಹಲಗೆಯ ಮೇಲೆ ಸಾಲಾಗಿ ಮಲಗಿಸಿದೆ.
ಬೆರಳು ದಪ್ಪದ ನಾರುಹಗ್ಗ, ಒಂದು ಸುರುಳಿ ಪೂರ್ತಿ.
ಕೊಯ್ದಷ್ಟು ಸಲ ಬಾಗಿಲ ಮೇಲೆ ಸೀಮೆಸುಣ್ಣದ ಗೆರೆ;
ಕಾಗದ ಹರಿಯದಾದಾಗ ಆ ಚೂರಿ ಸೋತಂತೆ.

ಮೊದಲು ಡಿ-ಟು. ಕಾರ್ಖಾನೆಯ ಅಚ್ಚಿನ ಉಕ್ಕು, ಗಟ್ಟಿಗ, ಮುಂಗೋಪಿ.
ನೂರ ನಲವತ್ತು ಗೆರೆ, ಇನ್ನೂ ಹಸಿವು.
ಮುಂದಿನದರಲ್ಲಿ ಹಗ್ಗದೊಳಗೆ ಯಾರೋ ಬಿಟ್ಟ ತಂತಿಮೊಳೆ:
ಅಲಗಿನ ಬಾಯಲ್ಲಿ ಹಾಲುಹಲ್ಲು ಬಿದ್ದಷ್ಟು ಕಂಡಿ.
ಮಸೆದು ಸರಿಮಾಡಲು ಎರಡು ಸಂಜೆ, ಸಾಣೆಕಲ್ಲಿನ ಅರ್ಧ ಆಯುಷ್ಯ.

ಹತ್ತು-ತೊಂಬತ್ತೈದು: ಬರೀ ಕಬ್ಬಿಣ, ಇಂಗಾಲ.
ಕಲ್ಲಿಗೆ ತಾಗಿಸಿದರೆ ಸಾಕು, ಹೇಳಿದ ಮಾತು ಕೇಳುತ್ತದೆ,
ಮುಂಗೈಯ ಕೂದಲು ಗೊತ್ತಾಗದೆ ಉದುರುತ್ತದೆ.
ತೊಂಬತ್ತೆರಡು. ರಾತ್ರಿ ಎಣ್ಣೆ ಒರೆಸಲು ಮರೆತೆ.
ಬೆಳಿಗ್ಗೆ ಮೈತುಂಬ ಕೆಂಪು ಮಚ್ಚೆ;
ಇಲ್ಲಿ ಮೀನಿಗಷ್ಟೇ ಅಲ್ಲ, ಗಾಳಿಗೂ ಉಪ್ಪು ಸವರಿಟ್ಟಿದೆ.

ಎಂಟು-ಕ್ರೋಮ್-ಹದಿಮೂರು, ಚೀನಾದ್ದು. ಹೆಸರೋ ಲಾರಿ ನಂಬರು.
ಎಂಬತ್ತು. ಹೊಗಳಲು ಏನಿಲ್ಲ, ಬೈಯಲೂ ಇಲ್ಲ,
ನಮ್ಮ ಪಾದ್ರಿಯ ಹಾಗೆ.

ಕೊನೆಗೆ ನಾನ್ನೂರ ಇಪ್ಪತ್ತು. ಹದಿನೆಂಟು ಡಾಲರ್, ಹಳದಿ ಹಿಡಿ.
ಅರವತ್ತೊಂದರ ಮೇಲೆ ಕಾಗದ ಹರಿಯಲಿಲ್ಲ, ಮಡಚಿಕೊಂಡಿತು.
ಬೆಣ್ಣೆಗೆ ಆದೀತು, ಅಂದಳು ಎಫಿ;
ಚಳಿಗಾಲದ ಬೆಣ್ಣೆಗಲ್ಲ, ಅಂತಲೂ ಸೇರಿಸಿದಳು.
ಟೀ ಮಗ್ಗಿನ ತಳದ ಒರಟು ಬಳೆಗೆ ಹತ್ತು ಸಲ ಉಜ್ಜಿದರೂ
ಮತ್ತೆ ಬಾಯಿ ಬರುವ ಜಾತಿ ಅದು.
ಉಜ್ಜಲಿಲ್ಲ. ಹಾಗೇ ಒಂದು ದಾರ ಕಟ್ಟಿ, ಬಿಚ್ಚಿದ ಅಲಗಿನ ಸಮೇತ
ದೋಣಿಯ ಮೊಳೆಗೆ ತೂಗುಹಾಕಿದೆ, ಎರೆಮೀನು ಕೊಯ್ಯಲು.

ಮೇ ಒಂಬತ್ತು. ಗಾರ್ಲೆಂಡ್, ತಂಗಿಯ ಮಗ, ಹದಿನೇಳು, ಹೊಸ ಬೂಟು.
ಗೂಡು ನೀರಿಗೆ ತಳ್ಳಿದ. ಓಡುವ ಹಗ್ಗ
ಅವನ ಕಣಕಾಲನ್ನು ಮೆಚ್ಚಿಕೊಂಡಿತು.
ಕಡಲೂ ಆಗ ಉಕ್ಕಿತು; ಯಾವ ಉಕ್ಕು
ಎಂದು ಕೇಳಲು ಯಾರಿಗಿತ್ತು ಪುರುಸೊತ್ತು?
ಡಿ-ಟು ಮನೆಯಲ್ಲಿ ಸಾಣೆಯ ಪಕ್ಕ. ಎಂಟು-ಕ್ರೋಮ್ ಕಿಸೆಯಲ್ಲೇ ಇತ್ತು,
ರಬ್ಬರು ಪ್ಯಾಂಟಿನೊಳಗೆ, ಸ್ವೆಟರಿನ ಕೆಳಗೆ,
ಅಂದರೆ ಇನ್ನೊಂದು ದೇಶದಲ್ಲಿ.
ಕೈಗೆ ಬಂದದ್ದು ಹಳದಿ.

ಮೊದಲ ಎಳೆತಕ್ಕೆ ಹರಿಯಲಿಲ್ಲ.
ಇದನ್ನು ಎಫಿಗೆ ಹೇಳಿಲ್ಲ.
ಎರಡನೆಯದಕ್ಕೂ ಇಲ್ಲ. ಅವನ ಮೊಣಕಾಲು ದೋಣಿಯಂಚು ದಾಟಿತ್ತು.
ಮೂರನೆಯದಕ್ಕೆ ಹಗ್ಗ ಠಪ್ಪೆಂದಿತು,
ಅವನು ಹಿಂದಕ್ಕೆ, ಅವನ ಮೇಲೆ ನಾನು,
ಚೂರಿ ನೀರಿಗೆ.

ಅರವತ್ತೆರಡನೆಯ ಗೆರೆ ಎಳೆಯಬೇಕೋ ಬೇಡವೋ,
ಸೀಮೆಸುಣ್ಣ ಹಿಡಿದು ಬಾಗಿಲ ಮುಂದೆ ನಿಂತಿದ್ದೆ.
ನಿಯಮ ಮಾಡಿದವನು ನಾನೇ. ಅದರ ಪ್ರಕಾರ
ಅದು ಏಪ್ರಿಲ್‌ನಲ್ಲೇ ಸೋತಿತ್ತು.
ಒಳಗೆ ಗಾರ್ಲೆಂಡ್ ಮೂರನೇ ಬಟ್ಟಲು ಬಟಾಣಿ ಸೂಪು ಕುಡಿಯುತ್ತಾ,
ಯಾವ ಉಕ್ಕು ಒಳ್ಳೆಯದು ಮಾವ, ನಾನೂ ಒಂದು ಕೊಳ್ಳಬೇಕು, ಅಂದ.

ಈಗ ದಿನಾ ಟೀ ಮುಗಿದ ಮೇಲೆ ಮಗ್ಗು ಬೋರಲು ಹಾಕಿ
ಹತ್ತು ಸಲ ಆಚೆ, ಹತ್ತು ಸಲ ಈಚೆ.
ಮಗ್ಗು ಸವೆಯಿತು ಅಂತ ಎಫಿಯ ಗೊಣಗು.
ಚೂರಿ ಹೊಸದು, ಅದೇ ಹಳದಿ ಹಿಡಿ;
ಅಂಗಡಿಯವನು ಇಪ್ಪತ್ತು ಮಾಡಿದ್ದಾನೆ.